ಲಿನಕ್ಸ್‌ನಲ್ಲೇ ಕೂತು ವಿಂಡೋಸ್ ಪೆನ್ ಡ್ರೈವ್ ಮಾಡುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ವರ್ಷದ ಹಿಂದೆ, ಯುಗಾದಿ ಕಳೆದು ಲಗ್ನದ ಸೀಜನ್ ಶುರುವಾಗಿದ್ದ ಹೊತ್ತು. ತಿಪಟೂರಿನಲ್ಲಿ ನಮ್ಮ ಭಾವನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾಗದ, ಎಲ್ಲಾ ಅಲ್ಲೇ ಕಂಪೋಸ್ ಆಗುತ್ತವೆ. ಇರುವುದು ಒಂದೇ ಸಿಸ್ಟಮ್. ಅದರಲ್ಲಿ ವಿಂಡೋಸ್ 10, ಜೊತೆಗೆ ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪಿಂಗ್ ಮತ್ತು ಫಾಂಟಿಗೆ ನುಡಿ. ಒಂದು ಸಂಜೆ ಆ ಸಿಸ್ಟಮ್ ಎದ್ದೇಳಲೇ ಇಲ್ಲ. ನೀಲಿ ಪರದೆ ಬರುತ್ತದೆ, ರಿಪೇರಿ ನಡೆಯುತ್ತಿದೆ ಅನ್ನುತ್ತದೆ, ಆಫ್ ಆಗಿ ಆನ್ ಆಗುತ್ತದೆ, ಮತ್ತೆ ಅದೇ ನೀಲಿ ಪರದೆ. ಒಳಗೆ ಆರು ಮದುವೆಯ ಕಾರ್ಡುಗಳಿದ್ದವು. ಪ್ರೂಫ್ ನೋಡಲು ಬೆಳಿಗ್ಗೆ ಗಿರಾಕಿ ಬರುವವರಿದ್ದರು.

ನಾನು ಅವತ್ತು ಅಲ್ಲೇ ಇದ್ದೆ. ಕೈಯಲ್ಲಿ ನನ್ನ ಲ್ಯಾಪ್‌ಟಾಪ್ ಇತ್ತು, ಆದರೆ ಅದರಲ್ಲಿರುವುದು ಉಬುಂಟು ಮಾತ್ರ, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್‌ನ ಒಂದು ಬಗೆ. ವಿಂಡೋಸ್ ಹೊಸದಾಗಿ ಹಾಕೋಣ, ಪೆನ್ ಡ್ರೈವ್ ನಾನೇ ಮಾಡುತ್ತೇನೆ ಅಂದೆ. ಭಾವ ನನ್ನ ಮುಖ ನೋಡಿದರು. "ಅಲ್ಲಪ್ಪಾ, ನಿನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೇ ಇಲ್ಲ. ಅದರಲ್ಲಿ ವಿಂಡೋಸ್ ಪೆನ್ ಡ್ರೈವ್ ಹೇಗೆ ಮಾಡ್ತೀಯ?"

ಈ ಪ್ರಶ್ನೆ ಬಹಳ ಜನರಿಗಿದೆ. ವಿಂಡೋಸ್ ಹಾಕಬೇಕಾದರೆ ಇನ್ನೊಂದು ವಿಂಡೋಸ್ ಸಿಸ್ಟಮ್ ಬೇಕೇ ಬೇಕು, ಅದಕ್ಕೆ ಯಾರದ್ದಾದರೂ ಮನೆಗೆ ಹೋಗಬೇಕು ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಏಳುವುದು ಮದರ್‌ಬೋರ್ಡ್‌ನಲ್ಲೇ ಕೂತಿರುವ ಒಂದು ಸಣ್ಣ ಪ್ರೋಗ್ರಾಮ್. ವಿಂಡೋಸೋ ಲಿನಕ್ಸೋ ಏಳುವುದು ಆಮೇಲೆ. ಹೊಸ ಸಿಸ್ಟಮ್‌ಗಳಲ್ಲಿ ಆ ಪ್ರೋಗ್ರಾಮ್ ಅನ್ನು ಯುಇಎಫ್‌ಐ ಅನ್ನುತ್ತಾರೆ, ನಾವೆಲ್ಲ ಬಾಯಿರೂಢಿಯಲ್ಲಿ ಬಯೋಸ್ ಅಂತಲೇ ಕರೆಯುತ್ತೇವೆ. ಅದು ಪೆನ್ ಡ್ರೈವ್‌ನಲ್ಲಿ ಹುಡುಕುವುದು ಇಷ್ಟೇ: ಫ್ಯಾಟ್ 32 ಫಾರ್ಮ್ಯಾಟ್‌ನ ಒಂದು ಪಾರ್ಟಿಶನ್, ಅಂದರೆ ಡಿಸ್ಕಿನ ಒಂದು ಭಾಗ, ಅದರಲ್ಲಿ ಇಎಫ್‌ಐ ಅನ್ನುವ ಫೋಲ್ಡರ್, ಅದರೊಳಗೆ ಬೂಟ್ ಅನ್ನುವ ಫೋಲ್ಡರ್, ಅದರೊಳಗೆ ಬೂಟ್ ಎಕ್ಸ್ 64 ಡಾಟ್ ಇಎಫ್‌ಐ ಅನ್ನುವ ಒಂದು ಫೈಲ್. ಸಿಕ್ಕಿತೋ, ಅದನ್ನು ಓಡಿಸುತ್ತದೆ. ಆ ಫೈಲನ್ನು ಅಲ್ಲಿ ಇಟ್ಟದ್ದು ವಿಂಡೋಸಾ, ಲಿನಕ್ಸಾ, ಮ್ಯಾಕಾ ಅಂತ ಅದು ಕೇಳುವುದೇ ಇಲ್ಲ. ಇದೊಂದು ಗೊತ್ತಿದ್ದರೆ ವಿಂಡೋಸ್‌ನ ಟೂಲ್ ಇಲ್ಲದೆಯೂ ಕೆಲಸ ಆಗುತ್ತದೆ.

ಆದರೆ ಅದಕ್ಕೂ ಮುಂಚೆ ಫೈಲುಗಳನ್ನು ಉಳಿಸಿಕೊಳ್ಳಬೇಕು. ದಯವಿಟ್ಟು ಇದನ್ನು ಮರೆಯಬೇಡಿ. ಸಿಸ್ಟಮ್ ಎದ್ದೇಳುತ್ತಿಲ್ಲ ಅಂದರೆ ಒಳಗಿನ ಕೆಲಸವೆಲ್ಲ ಹೋಯಿತು ಅಂತ ಅಲ್ಲ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಉಬುಂಟು ಹಾಕಿದ ಒಂದು ಪೆನ್ ಡ್ರೈವ್ ಇರುತ್ತದೆ. ಅದನ್ನು ಭಾವನ ಸಿಸ್ಟಮ್‌ಗೆ ಚುಚ್ಚಿ ಅದರಿಂದಲೇ ಬೂಟ್ ಮಾಡಿದೆ, ಅಂದರೆ ಸಿಸ್ಟಮ್ ಎಬ್ಬಿಸಿದೆ. ಇನ್‌ಸ್ಟಾಲ್ ಮಾಡದೆ, ಟ್ರೈ ಉಬುಂಟು ಅನ್ನುವುದನ್ನು ಆರಿಸಿಕೊಂಡರೆ ಸಾಕು. ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇತ್ತು, ಫೋಲ್ಡರುಗಳೆಲ್ಲ ಕಂಡವು. ವಿಂಡೋಸ್ ಸರಿಯಾಗಿ ಶಟ್ ಡೌನ್ ಆಗದೆ ನಿದ್ದೆ ಮಾಡುತ್ತಿರುವ ಸ್ಥಿತಿಯಲ್ಲಿದ್ದರೆ ಲಿನಕ್ಸ್ ಆ ಡ್ರೈವನ್ನು ಸಾಮಾನ್ಯವಾಗಿ ಓದಲು ಮಾತ್ರ ತೆರೆಯುತ್ತದೆ, ಅದರಲ್ಲಿ ಬರೆಯಲು ಆಗುವುದಿಲ್ಲ. ನಮಗೆ ಬೇಕಿದ್ದದ್ದೂ ಓದುವುದೇ ಅಲ್ವಾ? ಡೆಸ್ಕ್‌ಟಾಪ್ ಮೇಲಿದ್ದ ಕಾರ್ಡುಗಳನ್ನೆಲ್ಲ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿದೆ. ಭಾವ ಒಂದೊಂದೇ ಫೈಲಿನ ಹೆಸರು ಓದುತ್ತಾ ಬೆರಳು ಮಡಚಿ ಎಣಿಸಿದರು. ಆರೂ ಸಿಕ್ಕವು. ಆಮೇಲೆ ಅವರು ಕಾಫಿ ತರಿಸಿದರು. ನಿಮ್ಮ ಸಿಸ್ಟಮ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ದರೆ ಮಾತ್ರ ಇಷ್ಟು ಸುಲಭ ಅಲ್ಲ, ರಿಕವರಿ ಕೀ ಬೇಕಾಗುತ್ತದೆ. ಅದನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ಇನ್ನು ವಿಂಡೋಸ್ ಎಲ್ಲಿಂದ ತರುವುದು? ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟದಿಂದಲೇ. ವಿಂಡೋಸ್ 10ರ ಪುಟಕ್ಕೆ ವಿಂಡೋಸ್ ಸಿಸ್ಟಮ್‌ನಿಂದ ಹೋದರೆ ಮೀಡಿಯಾ ಕ್ರಿಯೇಷನ್ ಟೂಲ್ ಅಂತ ಒಂದು ಪ್ರೋಗ್ರಾಮ್ ಕೊಡುತ್ತದೆ, ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಲಿನಕ್ಸ್‌ನಿಂದ ಅದೇ ಪುಟಕ್ಕೆ ಹೋದರೆ ನೇರವಾಗಿ ಐಎಸ್‌ಒ ಫೈಲನ್ನೇ ಕೊಡುತ್ತದೆ. ಐದು ಜಿಬಿಗೂ ಜಾಸ್ತಿ ಇರುವ ಒಂದೇ ಫೈಲ್ ಅದು, ಹಿಂದೆ ನಾವು ಡಿವಿಡಿಗೆ ಬರೆಯುತ್ತಿದ್ದಂಥದ್ದು. ದುಡ್ಡು ಕೊಡಬೇಕಾಗಿಲ್ಲ. ಮೊದಲೇ ಅಸಲಿ ವಿಂಡೋಸ್ 10 ಇದ್ದ ಸಿಸ್ಟಮ್ ಆಗಿದ್ದರೆ ಹೆಚ್ಚಿನ ಪಾಲು ಕೀ ಕೂಡ ಬೇಕಾಗುವುದಿಲ್ಲ. ಕೀ ಇಲ್ಲ ಅಂತ ಒತ್ತಿ ಮುಂದೆ ಹೋಗಿ, ಮೊದಲಿದ್ದ ಎಡಿಷನ್ನೇ ಹಾಕಿ, ಇಂಟರ್ನೆಟ್ ಬಂದ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಅವತ್ತು ಪಕ್ಕದ ರಸ್ತೆಯಲ್ಲಿ ಒಬ್ಬರು ಐನೂರು ರೂಪಾಯಿಗೆ ವಿಂಡೋಸ್ ಹಾಕಿಕೊಡುತ್ತೇನೆ ಅಂದಿದ್ದರು. ಅವರ ಪೆನ್ ಡ್ರೈವ್‌ನಲ್ಲಿದ್ದದ್ದು ಯಾರೋ ತಿದ್ದಿದ ಕಾಪಿ. ಗಿರಾಕಿಗಳ ಫೋನ್ ನಂಬರು, ವಿಳಾಸ, ಬ್ಯಾಂಕಿನ ವ್ಯವಹಾರ ಎಲ್ಲ ಇರುವ ಸಿಸ್ಟಮ್‌ಗೆ ಅಂಥದ್ದನ್ನು ಹಾಕಲು ನನಗೆ ಮನಸ್ಸು ಒಪ್ಪಲಿಲ್ಲ.

ಐಎಸ್‌ಒ ಬಂತು. ಪೆನ್ ಡ್ರೈವ್‌ಗೆ ಬರೆಯಬೇಕು. ಉಬುಂಟು ಪೆನ್ ಡ್ರೈವ್ ಮಾಡುವಾಗ ನಾನು ಡಿಡಿ ಅನ್ನುವ ಕಮಾಂಡ್ ಬಳಸುತ್ತೇನೆ. ಐಎಸ್‌ಒದಲ್ಲಿ ಏನಿದೆಯೋ ಅದನ್ನು ಬೈಟಿಗೆ ಬೈಟ್ ಪೆನ್ ಡ್ರೈವ್ ಮೇಲೆ ಇಳಿಸುವುದಷ್ಟೇ ಅದರ ಕೆಲಸ. ಅದೇ ರೂಢಿಯಲ್ಲಿ ವಿಂಡೋಸನ್ನೂ ಹಾಗೇ ಬರೆದೆ. ಸಿಸ್ಟಮ್‌ಗೆ ಚುಚ್ಚಿದರೆ ಬೂಟ್ ಮೆನುವಿನಲ್ಲಿ ಪೆನ್ ಡ್ರೈವ್ ಬರಲೇ ಇಲ್ಲ. ಕಾರಣ ಇದು. ಉಬುಂಟು, ಫೆಡೋರಾ, ಡೆಬಿಯನ್ ಅನ್ನುವ ಲಿನಕ್ಸ್‌ಗಳವರೆಲ್ಲ ತಮ್ಮ ಐಎಸ್‌ಒವನ್ನು ಡಿವಿಡಿಯ ಹಾಗೂ ಇರಬೇಕು, ಡಿಸ್ಕಿನ ಹಾಗೂ ಇರಬೇಕು ಅಂತ ಎರಡೂ ರೂಪ ಸೇರಿಸಿ ಕಟ್ಟಿರುತ್ತಾರೆ. ಮೈಕ್ರೋಸಾಫ್ಟ್‌ನ ಐಎಸ್‌ಒ ಡಿವಿಡಿ ರೂಪದಲ್ಲಿ ಮಾತ್ರ ಇರುತ್ತದೆ. ಬೈಟಿಗೆ ಬೈಟ್ ಇಳಿಸಿದರೂ ಪೆನ್ ಡ್ರೈವ್ ಮೇಲೆ ಪಾರ್ಟಿಶನ್ ಪಟ್ಟಿಯೇ ಇರುವುದಿಲ್ಲ, ಬಯೋಸ್‌ಗೆ ಕಾಣುವುದಾದರೂ ಹೇಗೆ? ಪೆನ್ ಡ್ರೈವ್‌ಗೆ ಐಎಸ್‌ಒ ಬರೆಯುವ ಬಲೇನಾ ಎಚರ್ ಅನ್ನುವ ಪ್ರೋಗ್ರಾಮ್ ಮಾಡುವುದೂ ಡಿಡಿಯ ಕೆಲಸವನ್ನೇ. ಅದಕ್ಕೇ ವಿಂಡೋಸ್ ಐಎಸ್‌ಒ ಕೊಟ್ಟರೆ ಅದು ಮೊದಲೇ ಎಚ್ಚರಿಸುತ್ತದೆ.

ಹಾಗಾಗಿ ಕೈಯಾರೆ ಮಾಡಲು ಕೂತೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವ ಡಿಸ್ಕ್ ಯಾವುದು ಅಂತ ತಿಳಿಯುವುದು. ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆದು ಎಲ್ ಎಸ್ ಬಿ ಎಲ್ ಕೆ ಅಂತ ಟೈಪ್ ಮಾಡಿ, ಡಿಸ್ಕುಗಳ ಪಟ್ಟಿ ಬರುತ್ತದೆ. ಪೆನ್ ಡ್ರೈವ್ ಚುಚ್ಚುವ ಮೊದಲು ಒಂದು ಸಲ, ಚುಚ್ಚಿದ ಮೇಲೆ ಒಂದು ಸಲ. ಎರಡನೇ ಸಲ ಹೊಸದಾಗಿ ಬಂದ ಸಾಲು ಯಾವುದೋ ಅದೇ ನಿಮ್ಮ ಪೆನ್ ಡ್ರೈವ್. ಅವತ್ತು ನನಗೆ ಎಸ್‌ಡಿಬಿ ಅಂತ ಬಂತು, ಎದುರಿಗೆ 14.9 ಜಿ. 16 ಜಿಬಿ ಅಂತ ಡಬ್ಬಿಯ ಮೇಲೆ ಬರೆದ ಪೆನ್ ಡ್ರೈವ್ ಇಲ್ಲಿ 14ರ ಮೇಲೆ ಚಿಲ್ಲರೆ ಅಂತ ಕಾಣುತ್ತದೆ, ಕಂಪನಿಯವರು ಸಾವಿರದ ಲೆಕ್ಕ, ಕಂಪ್ಯೂಟರ್ 1024ರ ಲೆಕ್ಕ, ಅಷ್ಟೇ ವ್ಯತ್ಯಾಸ. ಎಸ್‌ಡಿಎ ಅಂತ ಇದ್ದರೆ ಅದು ಬಹುಮಟ್ಟಿಗೆ ನಿಮ್ಮ ಸ್ವಂತ ಹಾರ್ಡ್ ಡಿಸ್ಕ್, ಹೊಸ ಲ್ಯಾಪ್‌ಟಾಪ್ ಆದರೆ ಎನ್‌ವಿಎಂಇ ಅಂತ ಶುರುವಾಗುವ ಹೆಸರು. ಬಿ ಬದಲು ಎ ಒತ್ತಿದರೆ ನಿಮ್ಮ ಫೋಟೋ, ಕೆಲಸ, ಎಲ್ಲಾ ಅಳಿಸಿಹೋಗುತ್ತದೆ, ಡಿಡಿಯಂಥ ಕಮಾಂಡ್ ಆದರೆ ಮತ್ತೊಮ್ಮೆ ಕೇಳುವುದೂ ಇಲ್ಲ. ನಿಧಾನ ಮಾಡಿ. ಅಕ್ಷರವನ್ನು ಬಾಯಿಬಿಟ್ಟು ಓದಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಆಮೇಲೆ ಉಬುಂಟುವಿನ ಡಿಸ್ಕ್ಸ್ ಅನ್ನುವ ಪ್ರೋಗ್ರಾಮ್‌ನಲ್ಲಿ ಪೆನ್ ಡ್ರೈವ್‌ಗೆ ಜಿಪಿಟಿ ಅನ್ನುವ ಬಗೆಯ ಪಾರ್ಟಿಶನ್ ಪಟ್ಟಿ ಹಾಕಿ, ಫ್ಯಾಟ್ 32ರ ಒಂದೇ ಪಾರ್ಟಿಶನ್ ಇಟ್ಟೆ. ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಫೋಲ್ಡರಿನ ಹಾಗೆ ತೆರೆದುಕೊಳ್ಳುತ್ತದೆ. ಒಳಗಿರುವುದನ್ನೆಲ್ಲ ಸೆಲೆಕ್ಟ್ ಮಾಡಿ ಪೆನ್ ಡ್ರೈವ್‌ಗೆ ಕಾಪಿ ಹಾಕಿದೆ. ಸ್ವಲ್ಪ ಹೊತ್ತಿಗೆ ನಿಂತಿತು. ಫೈಲ್ ತುಂಬಾ ದೊಡ್ಡದು ಅಂತ ಸಂದೇಶ.

ಬಹಳ ಜನ ಕೈಬಿಡುವುದು ಇಲ್ಲೇ. ಸೋರ್ಸಸ್ ಅನ್ನುವ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಡಾಟ್ ವಿಮ್ ಅನ್ನುವ ಫೈಲ್ ಇದೆ, ಇಡೀ ವಿಂಡೋಸ್ ಗಂಟು ಕಟ್ಟಿಟ್ಟಿರುವುದು ಅದರಲ್ಲೇ. ಅದು 4 ಜಿಬಿಗಿಂತ ದೊಡ್ಡದು. ಫ್ಯಾಟ್ 32 ಬಂದದ್ದು 1996ರಲ್ಲಿ, ವಿಂಡೋಸ್ 95ರ ಕಾಲದಲ್ಲಿ. ಅದರಲ್ಲಿ ಒಂದು ಫೈಲಿನ ಅಳತೆ ಬರೆದಿಡಲು 32 ಬಿಟ್‌ನಷ್ಟೇ ಜಾಗ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4294967295. ಅದಕ್ಕಿಂತ ಒಂದು ಬೈಟ್ ಜಾಸ್ತಿಯಾದರೂ ಫೈಲ್ ಹಿಡಿಸುವುದಿಲ್ಲ, ಪೆನ್ ಡ್ರೈವ್‌ನಲ್ಲಿ ಹತ್ತು ಜಿಬಿ ಖಾಲಿ ಇದ್ದರೂ ಅಷ್ಟೇ. ವಿಂಡೋಸ್‌ನದೇ ಇನ್ನೊಂದು ಫಾರ್ಮ್ಯಾಟ್ ಆದ ಎನ್‌ಟಿಎಫ್‌ಎಸ್ ಮಾಡಿದರೆ ಫೈಲ್ ಹಿಡಿಸುತ್ತದೆ, ಆದರೆ ಬಹಳಷ್ಟು ಬಯೋಸ್‌ಗಳಿಗೆ ಅದನ್ನು ಓದಲು ಬರುವುದಿಲ್ಲ.

ದಾರಿ ಇದೆ. ಆ ಫೈಲನ್ನು ಎರಡು ತುಂಡು ಮಾಡುವುದು. ಇದು ಏನೋ ಕದ್ದುಮುಚ್ಚಿ ಮಾಡುವ ಉಪಾಯ ಅಲ್ಲ, ಎಸ್‌ಡಬ್ಲ್ಯೂಎಂ ಅನ್ನುವ ಹೆಸರಿನ ತುಂಡುಗಳನ್ನು ವಿಂಡೋಸ್ ಸೆಟಪ್ ತಾನಾಗಿಯೇ ಗುರುತಿಸಿ ಜೋಡಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ವಿಮ್‌ಲಿಬ್ ಅನ್ನುವ ಸ್ವತಂತ್ರ ತಂತ್ರಾಂಶ ಇದೆ. ಉಬುಂಟುವಿನಲ್ಲಿ ವಿಮ್‌ಟೂಲ್ಸ್ ಅನ್ನುವ ಹೆಸರಿನಲ್ಲಿ, ಫೆಡೋರಾದಲ್ಲಿ ವಿಮ್‌ಲಿಬ್ ಯುಟಿಲ್ಸ್ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಮೊದಲು ಇನ್‌ಸ್ಟಾಲ್ ಡಾಟ್ ವಿಮ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಾಪಿ ಮಾಡಿ. ಆಮೇಲೆ ಟರ್ಮಿನಲ್‌ನಲ್ಲಿ ವಿಮ್‌ಸ್ಪ್ಲಿಟ್ ಅಂತ ಬರೆದು, ಐಎಸ್‌ಒ ಒಳಗಿನ ಆ ಫೈಲಿನ ದಾರಿ ಕೊಟ್ಟು, ಪೆನ್ ಡ್ರೈವ್‌ನ ಸೋರ್ಸಸ್ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಡಾಟ್ ಎಸ್‌ಡಬ್ಲ್ಯೂಎಂ ಅಂತ ಹೆಸರು ಕೊಟ್ಟು, ಕೊನೆಗೆ 3800 ಅಂತ ಬರೆಯಿರಿ. ಒಂದೊಂದು ತುಂಡು 3800 ಎಂಬಿ ಮೀರದಿರಲಿ ಅಂತ ಅದರ ಅರ್ಥ. ಇನ್‌ಸ್ಟಾಲ್, ಇನ್‌ಸ್ಟಾಲ್ 2 ಅಂತ ಎರಡು ಫೈಲ್ ಆಗುತ್ತವೆ. ಮುಗಿಯಿತು.

ಮುಗಿಯಿತು ಅಂದೆ, ಆದರೆ ಪೆನ್ ಡ್ರೈವ್ ಕೀಳಬೇಡಿ. ಲಿನಕ್ಸ್ ಬರೆಯಬೇಕಾದ್ದನ್ನು ಮೊದಲು ರ್ಯಾಮ್‌ನಲ್ಲಿ ಇಟ್ಟುಕೊಂಡು ಕಾಪಿ ಆಯಿತು ಅಂತ ತೋರಿಸಿಬಿಡುತ್ತದೆ, ಪೆನ್ ಡ್ರೈವ್‌ಗೆ ಇಳಿಸುವುದು ಹಿಂದೆ ನಡೆಯುತ್ತಲೇ ಇರುತ್ತದೆ. ಅವತ್ತು ಪರದೆ ಮೇಲೆ ಎಲ್ಲಾ ಮುಗಿದಿತ್ತು, ಆದರೆ ಪೆನ್ ಡ್ರೈವ್‌ನ ಕೆಂಪು ದೀಪ ಪಟಪಟ ಅಂತ ಮಿನುಗುತ್ತಲೇ ಇತ್ತು, ಮುಟ್ಟಿದರೆ ಬಿಸಿ. ಎಸ್ ವೈ ಎನ್ ಸಿ, ಸಿಂಕ್ ಅಂತ ಟೈಪ್ ಮಾಡಿ ಕಾದೆವು. ಹಳೇ ಪೆನ್ ಡ್ರೈವ್, ಹದಿನೈದು ನಿಮಿಷದ ಹತ್ತಿರ ಹಿಡಿಯಿತು. ಭಾವ ಅಂಗಡಿಯ ಅರ್ಧ ಶಟರ್ ಎಳೆದು ಬಂದರು. ದೀಪ ನಿಂತಿತು, ಟರ್ಮಿನಲ್‌ನಲ್ಲಿ ಮುಂದಿನ ಸಾಲು ಬಂತು, ಆಗ ಇಜೆಕ್ಟ್ ಮಾಡಿ ಕಿತ್ತೆ.

ಕಮಾಂಡ್ ಬೇಡ ಅನ್ನುವವರಿಗೆ ವೆಂಟಾಯ್ ಅನ್ನುವ ಪ್ರೋಗ್ರಾಮ್ ಇದೆ. ಅದನ್ನು ಒಂದು ಸಲ ಪೆನ್ ಡ್ರೈವ್‌ಗೆ ಹಾಕಿದರೆ ಆಮೇಲೆ ಐಎಸ್‌ಒ ಫೈಲುಗಳನ್ನು ಸುಮ್ನೆ ಕಾಪಿ ಮಾಡಿದರಾಯಿತು, ಒಂದೇ ಪೆನ್ ಡ್ರೈವ್‌ನಲ್ಲಿ ವಿಂಡೋಸೂ ಉಬುಂಟುವೂ ಇರಬಹುದು. ಯುಇಎಫ್‌ಐ ಇಲ್ಲದ ತೀರಾ ಹಳೇ ಸಿಸ್ಟಮ್ ಆದರೆ ನಾನು ಹೇಳಿದ ಕಾಪಿ ವಿಧಾನ ನಡೆಯುವುದಿಲ್ಲ. ಅಲ್ಲಿ ವೆಂಟಾಯ್ ಅಥವಾ ಲಿನಕ್ಸ್‌ನಲ್ಲಿ ವಿಂಡೋಸ್ ಪೆನ್ ಡ್ರೈವ್ ಮಾಡುವ ವೋಯುಎಸ್‌ಬಿ ಬೇಕು. ಮ್ಯಾಕ್ ಇರುವವರು ತಂತ್ರಾಂಶ ಹಾಕಿಕೊಳ್ಳುವ ಹೋಮ್‌ಬ್ರೂನಿಂದ ವಿಮ್‌ಲಿಬ್ ಹಾಕಿಕೊಂಡು ಇದೇ ರೀತಿ ಮಾಡಬಹುದು, ಡಿಸ್ಕಿನ ಹೆಸರು ನೋಡಲು ಅಲ್ಲಿ ಡಿಸ್ಕ್‌ಯುಟಿಲ್ ಲಿಸ್ಟ್. ನಿಮ್ಮ ಹತ್ತಿರ ವಿಂಡೋಸ್ ಇದ್ದು ಲಿನಕ್ಸ್ ಪೆನ್ ಡ್ರೈವ್ ಬೇಕಾದರೆ ರೂಫಸ್ ಅನ್ನುವ ಪ್ರೋಗ್ರಾಮ್ ಸಾಕು, ಅದರಲ್ಲಿ ಹೇಳುವಂಥ ಕಷ್ಟವೇ ಇಲ್ಲ. ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಹಾಕುವವರು 11 ನೋಡಬೇಕು. ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ವ್ಯವಸ್ಥೆ, 4 ಜಿಬಿ ರ್ಯಾಮ್, 64 ಜಿಬಿ ಜಾಗ ಬೇಕು. ಪೆನ್ ಡ್ರೈವ್ ಮಾಡುವ ದಾರಿ ಮಾತ್ರ ಇದೇ.

ತಿಪಟೂರಿಗೆ ವಾಪಸ್ ಬರೋಣ. ಸಿಸ್ಟಮ್ ಆನ್ ಮಾಡಿದ ಕೂಡಲೇ ಎಫ್ 12 ಒತ್ತುತ್ತಾ ಹೋದೆ. ಡೆಲ್, ಲೆನೋವೊ ಆದರೆ ಸಾಮಾನ್ಯವಾಗಿ ಎಫ್ 12, ಎಚ್‌ಪಿ ಆದರೆ ಎಫ್ 9. ಪೆನ್ ಡ್ರೈವ್ ಹೆಸರು ಬಂತು, ಒತ್ತಿದೆ, ವಿಂಡೋಸ್‌ನ ಭಾಷೆ ಕೇಳುವ ಪರದೆ ಬಂತು. ಡಿಸ್ಕ್ ಆರಿಸುವಾಗ ಮತ್ತೆ ನಿಧಾನ ಮಾಡಿದೆವು. ಸಿ ಡ್ರೈವ್ ಇದ್ದ ಪಾರ್ಟಿಶನ್ ಮಾತ್ರ ಫಾರ್ಮ್ಯಾಟ್, ಹತ್ತು ವರ್ಷದ ಹಳೇ ಕೆಲಸ ಇದ್ದ ಡಿ ಡ್ರೈವ್ ಮುಟ್ಟಲಿಲ್ಲ. ಮೊದಲ ರೀಸ್ಟಾರ್ಟ್ ಆಗುವಾಗ ಪೆನ್ ಡ್ರೈವ್ ಕಿತ್ತೆ, ಇಲ್ಲದಿದ್ದರೆ ಕೆಲವು ಸಿಸ್ಟಮ್‌ಗಳು ಮತ್ತೆ ಅದರಿಂದಲೇ ಎದ್ದು ಮೊದಲಿನಿಂದ ಇನ್‌ಸ್ಟಾಲ್ ಶುರು ಮಾಡುತ್ತವೆ.

ರಾತ್ರಿ ಹನ್ನೊಂದೂವರೆಗೆ ಡೆಸ್ಕ್‌ಟಾಪ್ ಬಂತು. ಭಾವ ತಮ್ಮ ಹಳೇ ಸಿಡಿಯಿಂದ ಪೇಜ್‌ಮೇಕರ್ ಹಾಕಿ, ತಡೆಯಲಾರದೆ ಒಂದು ಕಾರ್ಡು ತೆರೆದೇಬಿಟ್ಟರು. ಗಣಪತಿಯ ಚಿತ್ರ ಇತ್ತು, ಅಂಚಿನ ಬಳ್ಳಿ ಇತ್ತು, ಅಕ್ಷರ ಇರಬೇಕಾದ ಕಡೆಯೆಲ್ಲ ತಲೆ ಮೇಲೆ ಚುಕ್ಕಿ ಇಟ್ಟ ಇಂಗ್ಲಿಷ್ ಅಕ್ಷರಗಳು, ಅರ್ಥವಿಲ್ಲದ ಗೆರೆಗಳು. "ಅಯ್ಯೋ, ಹಾಳಾಯ್ತಲ್ಲೋ" ಅಂದರು. "ಏನೂ ಆಗಿಲ್ಲ ಭಾವ, ಫಾಂಟ್ ಇಲ್ಲ ಅಷ್ಟೇ" ಅಂದೆ. ನುಡಿ ಹಾಕಿದೆವು. ಫೈಲ್ ಮುಚ್ಚಿ ಮತ್ತೆ ತೆರೆದರು. ವಧುವಿನ ಹೆಸರು, ವರನ ಹೆಸರು, ಮುಹೂರ್ತ, ಕೆಳಗೆ ಸಣ್ಣ ಅಕ್ಷರದಲ್ಲಿ ಸೋದರಮಾವಂದಿರ ಹೆಸರುಗಳು, ಎಲ್ಲಾ ಕನ್ನಡದಲ್ಲಿ ಇದ್ದವು. ಭಾವ ಕನ್ನಡಕ ಏರಿಸಿಕೊಂಡು ಅಲ್ಲೇ ಪ್ರೂಫ್ ನೋಡಲು ಶುರು ಮಾಡಿದರು.

ನಮಸ್ಕಾರ.