ಸೈಕಲ್ ಕೊಳ್ಳುವ ಮುನ್ನ ಚಡಾವಿನಲ್ಲಿ ತುಳಿದು ನೋಡಿ

ಕೇಳುಗರಿಗೆ ನಮಸ್ಕಾರ.

ಹೊಸ ಸೈಕಲ್ ಕೊಳ್ಳುವವರು ಅದನ್ನು ಮೊದಲು ತುಳಿದು ನೋಡಲೇಬೇಕೆ, ಮೈಯಳತೆಗೆ ಹೊಂದಿಸಿ ಕೊಡುವ ಪರಿಣತರಿಗೆ ಬೇರೆ ಹಣ ತೆರಬೇಕೆ ಎಂದು ಹಲವರು ಕೇಳುತ್ತಾರೆ. ಮೊದಲನೆಯದು ಎಲ್ಲರಿಗೂ ಬೇಕು, ಎರಡನೆಯದು ಕೆಲವರಿಗಷ್ಟೇ ಬೇಕು ಎಂಬುದು ನನ್ನ ಉತ್ತರ.

ತುಳಿದು ನೋಡುವುದೆಂದರೆ ಅಂಗಡಿಯ ಎದುರು ಒಂದು ಸುತ್ತು ಬರುವುದಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಗೇರಿಲ್ಲದ ಸೈಕಲೂ ಸಾಕಾಗಬಹುದು. ಕುಂಬಳೆಯಿಂದ ಬದಿಯಡ್ಕ ದಾಟಿ ಮುಳ್ಳೇರಿಯದತ್ತ ಹೋಗುವವರಿಗೆ ಗುಡ್ಡ ಹತ್ತಿ ಇಳಿಯದೆ ದಾರಿಯಿಲ್ಲ. ಆದ್ದರಿಂದ ಸೈಕಲನ್ನು ಹತ್ತಿರದ ಒಂದು ಚಡಾವಿಗೆ ಒಯ್ದು, ಹತ್ತುವಾಗ ಚೈನು ಹಗುರ ಗೇರಿಗೆ ತಡೆಯಿಲ್ಲದೆ ಬೀಳುತ್ತದೆಯೆ, ಇಳಿಯುವಾಗ ಬ್ರೇಕಿನ ಹಿಡಿ ಬೆರಳಿಗೆ ಸುಲಭವಾಗಿ ಎಟಕುತ್ತದೆಯೆ ಎಂದು ಪರೀಕ್ಷಿಸಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆ ನಮ್ಮದು. ರಿಮ್ಮನ್ನು ಹಿಡಿಯುವ ಬ್ರೇಕು ಒದ್ದೆಯಾದಾಗ ತಡವಾಗಿ ಕಚ್ಚುತ್ತದೆ, ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಆ ತೊಂದರೆ ಕಡಿಮೆ. ಬೇಸಗೆಯಲ್ಲಿ ತುಳಿದು ನೋಡಿದರೆ ಇದು ತಿಳಿಯುವುದಿಲ್ಲ.

ಮಕ್ಕಳ ವಿಷಯದಲ್ಲಿ ನಾನೇ ತಪ್ಪಿದ್ದೇನೆ. ಬೆಳೆಯುವ ಹುಡುಗಿ, ಒಂದು ಸೈಜು ದೊಡ್ಡದೇ ಇರಲಿ ಎಂದು, ಮಗಳನ್ನು ಕರೆದೊಯ್ಯದೆಯೇ ಸೈಕಲ್ ತಂದೆ. ಸೀಟನ್ನು ಪೂರ್ತಿ ಇಳಿಸಿದರೂ ಅವಳ ಹೆಬ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಮನೆಯ ಕೆಳಗಿನ ಮುರಕಲ್ಲಿನ ಇಳಿಜಾರಿನಲ್ಲಿ ಸೈಕಲ್ ವಾಲಿದಾಗ ಕಾಲೂರಲು ಆಗದೆ ಬಿದ್ದಳು. ಮೊಣಕಾಲಿನ ಗಾಯದಿಂದ ಕೆಂಪು ಹರಳುಗಳನ್ನು ಒಂದೊಂದಾಗಿ ತೆಗೆಯುವಾಗ ಅವಳಿಗಿಂತ ಹೆಚ್ಚು ನಾನು ನೊಂದೆ. ಮಗುವಿನ ಸೈಕಲು ಇಂದಿನ ಕಾಲಿಗೆ ಸರಿಹೊಂದಬೇಕೇ ಹೊರತು ಮುಂದಿನ ವರ್ಷದ ಕಾಲಿಗಲ್ಲ.

ಅಳತೆಯನ್ನು ಮನೆಯಲ್ಲೇ ತೆಗೆಯಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ಸಂದಿಗೆ ದಪ್ಪ ರಟ್ಟಿನ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದರೆ, ಅದರ ಮೇಲಂಚಿನಿಂದ ನೆಲದವರೆಗಿನ ದೂರವೇ ಕಾಲಿನ ಒಳ ಅಳತೆ. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯನ್ನು ಮೂರು ಬಾರಿ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಬಳಕೆಯಲ್ಲಿರುವ ಲೆಕ್ಕದಂತೆ ಈ ಅಳತೆಯನ್ನು 0.883ರಿಂದ ಗುಣಿಸಬೇಕು, 72 ಸೆಂಟಿಮೀಟರಿದ್ದರೆ, ಪೆಡಲುಗಳು ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 63.6 ಸೆಂಟಿಮೀಟರ್ ಬರುತ್ತದೆ. ಇದು ದೊಡ್ಡವರ ರಸ್ತೆ ಸೈಕಲಿಗೆ ಹೇಳಿದ ಲೆಕ್ಕವಾದ್ದರಿಂದ ಆರಂಭಕ್ಕಷ್ಟೇ ಇಟ್ಟುಕೊಳ್ಳಿ. ಅನಂತರ ಪೆಡಲನ್ನು ತೀರ ಕೆಳಗೆ ತಂದು ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರಬೇಕು. ಮೊಣಕಾಲಿನ ಮುಂದೆ ನೋವಾದರೆ ಸೀಟು ತಗ್ಗಾಗಿರುವುದೂ ಹಿಂದೆ ನೋವಾದರೆ ಎತ್ತರವಾಗಿರುವುದೂ ಹೆಚ್ಚು. ಸೀಟಿನ ಕಂಬದ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಎತ್ತರಕ್ಕೆ ಸೀಟನ್ನು ಎಂದೂ ಎತ್ತಬೇಡಿ.

ಇಷ್ಟನ್ನು ನಮ್ಮ ಪೇಟೆಯ ಸೈಕಲ್ ಮೆಕ್ಯಾನಿಕ್ ಒಂದು ಸ್ಪ್ಯಾನರಿನಿಂದ ಮಾಡಿಕೊಡುತ್ತಾರೆ. ದಿನಕ್ಕೆ ಗಂಟೆಗಟ್ಟಲೆ ತುಳಿಯುವವರು, ಬೆರಳು ಜೋಮು ಹಿಡಿಯುವವರು, ಹಳೆಯ ಪೆಟ್ಟಿರುವವರು ಪರಿಣತರ ಬಳಿಗೆ ಹೋದರೆ ಆ ಹಣ ವ್ಯರ್ಥವಲ್ಲ.

ಆನ್‌ಲೈನಿನಲ್ಲಿ ಪೆಟ್ಟಿಗೆಯಾಗಿ ತರಿಸಿಕೊಂಡವರಿಗೆ ತುಳಿದು ನೋಡುವ ಅವಕಾಶ ಮೊದಲೇ ಇರುವುದಿಲ್ಲ. ಅಂಥವರು ಜೋಡಣೆಯನ್ನಾದರೂ ಮೆಕ್ಯಾನಿಕರಿಂದಲೇ ಮಾಡಿಸಿಕೊಳ್ಳಬೇಕು. ಎಡ ಪೆಡಲನ್ನು ಬೇರೆ ತಿರುಪುಗಳಂತೆ ಬಲಕ್ಕಲ್ಲ, ಎಡಕ್ಕೆ ತಿರುಗಿಸಿ ಬಿಗಿಯಬೇಕು. ತಿಳಿಯದೆ ಬಲವಂತ ಮಾಡಿದರೆ ಪೆಡಲು ಕೂರುವ ತೋಳು, ಅಂದರೆ ಕ್ರ್ಯಾಂಕೇ ಹಾಳಾಗುತ್ತದೆ.

ನಮಸ್ಕಾರ.