ಹಬ್ಬದ ಕ್ಲೀನಿಂಗ್‌ನಲ್ಲಿ ಫಿಶ್ ಟ್ಯಾಂಕ್ ಮುಟ್ಟಬೇಡಿ

ನಮಸ್ಕಾರ. ದಸರಾ ಹತ್ತಿರ ಬಂತು. ಮೈಸೂರಿನಲ್ಲಿ ಈಗ ಮನೆಮನೆಯಲ್ಲೂ ಧೂಳು ಹೊಡೆಯುವ ಕೆಲಸ. ಗೊಂಬೆ ಪೆಟ್ಟಿಗೆ ಅಟ್ಟದಿಂದ ಇಳಿಯುತ್ತದೆ, ಫ್ಯಾನ್ ಒರೆಸುತ್ತೇವೆ. ಅದೇ ಹುಮ್ಮಸ್ಸಿನಲ್ಲಿ ಹಾಲ್ ಮೂಲೆಯ ಫಿಶ್ ಟ್ಯಾಂಕ್‌ಗೂ ಕೈ ಹಾಕುತ್ತೇವೆ. ತಿಂಗಳುಗಟ್ಟಲೆ ನೋಡದೆ ಬಿಟ್ಟ ಟ್ಯಾಂಕನ್ನು ದಯವಿಟ್ಟು ಒಂದೇ ದಿನದಲ್ಲಿ ತೊಳೆಯಬೇಡಿ.

ಎರಡು ವರ್ಷದ ಹಿಂದೆ ಕುವೆಂಪುನಗರದ ಚಿಕ್ಕಪ್ಪನ ಮನೆಯಲ್ಲಿ ನಾನೇ ಈ ತಪ್ಪು ಮಾಡಿದೆ. ಚಿಕ್ಕಮ್ಮನಿಗೆ ಮಂಡಿನೋವು. ಎಂಟು ತಿಂಗಳು ಯಾರೂ ನೀರು ಬದಲಾಯಿಸಿರಲಿಲ್ಲ, ಆರಿದಷ್ಟು ಮೇಲಿಂದ ಸುರಿಯುತ್ತಿದ್ದರು ಅಷ್ಟೇ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆದರೂ ನಾಲ್ಕು ಗೋಲ್ಡ್ ಫಿಶ್ ಓಡಾಡಿಕೊಂಡಿದ್ದವು. ನಾನು ಮುಕ್ಕಾಲು ಪಾಲು ನೀರು ಚೆಲ್ಲಿದೆ. ಕಲ್ಲು ಉಜ್ಜಿದೆ. ಫಿಲ್ಟರ್ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು ಬಿಳಿ ನೀರು ಬರುವವರೆಗೂ ಹಿಂಡಿದೆ. ರಾತ್ರಿ ಟ್ಯಾಂಕ್ ಫಳಫಳ ಅನ್ನುತ್ತಿತ್ತು. ಬೆಳಿಗ್ಗೆ ಮೂರು ಮೀನು ತೇಲುತ್ತಿದ್ದವು. ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಕೊಳೆ ನೀರಿನಲ್ಲಿ ಬದುಕಿದ ಮೀನು ಶುದ್ಧ ನೀರಿನಲ್ಲಿ ಯಾಕೆ ಸತ್ತಿತು? ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತದೆ. ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸ ನಡೆದಷ್ಟೂ ನೀರು ಹುಳಿಯಾಗುತ್ತದೆ. ನೀರು ಬದಲಾಗದಿದ್ದರೆ ಪಿಎಚ್ (ಹುಳಿ ಅಳೆಯುವ ಅಂಕ, ಇಳಿದಷ್ಟೂ ಹುಳಿ ಜಾಸ್ತಿ) 6ಕ್ಕಿಂತ ಕೆಳಗೂ ಇಳಿಯಬಹುದು. ಆಗ ಬ್ಯಾಕ್ಟೀರಿಯಾ ಕೆಲಸ ನಿಧಾನ ಮಾಡುತ್ತವೆ, ಅಮೋನಿಯಾ ಉಳಿದುಬಿಡುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಬಹುಪಾಲು ಅಮೋನಿಯಂ ಆಗಿರುತ್ತದೆ, ಅಷ್ಟೊಂದು ವಿಷವಲ್ಲ. ಅಂಥ ಟ್ಯಾಂಕ್‌ಗೆ ಬಕೆಟ್‌ಗಟ್ಟಲೆ ನಲ್ಲಿ ನೀರೋ ಬೋರ್ ನೀರೋ ಸುರಿದರೆ ಪಿಎಚ್ ದಿಢೀರ್ ಏರುತ್ತದೆ. ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ. ಪಿಎಚ್ ಒಂದು ಅಂಕ ಏರಿದರೆ ಈ ವಿಷದ ಪಾಲು ಸುಮಾರು 10 ಪಟ್ಟು ಜಾಸ್ತಿ. ಜೊತೆಗೆ ಕ್ಲೋರಿನ್, ಜೊತೆಗೆ ಬ್ಯಾಕ್ಟೀರಿಯಾ ತೊಳೆದುಹೋದ ಸ್ಪಾಂಜ್. ಮೀನು ಹೇಗೆ ತಡೆಯುತ್ತದೆ ಹೇಳಿ.

ಈ ವರ್ಷ ಮಂಡ್ಯದ ಅಕ್ಕನ ಮನೆ ಟ್ಯಾಂಕ್ ಇದೇ ಸ್ಥಿತಿಗೆ ಬಂದಿತ್ತು. ಈ ಸಲ ಮೂರು ವಾರ ತೆಗೆದುಕೊಂಡೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 56 ಲೀಟರ್. ಎರಡು ದಿನಕ್ಕೊಮ್ಮೆ ಐದಾರು ಲೀಟರ್ ಮಾತ್ರ ತೆಗೆದೆವು. ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದಿಟ್ಟ ನೀರಿಗೆ ಆಂಟಿ ಕ್ಲೋರಿನ್ ಹಾಕಿ, ಚೊಂಬಿನಲ್ಲಿ ನಿಧಾನವಾಗಿ ಸುರಿದೆವು. ಕಲ್ಲನ್ನು ಒಂದು ಸಲಕ್ಕೆ ಒಂದು ಮೂಲೆ ಮಾತ್ರ ಸೈಫನ್ ಮಾಡಿದೆವು, ಅಂದರೆ ಪೈಪಿನಿಂದ ಕೊಳೆ ಎಳೆದೆವು. ಸ್ಪಾಂಜ್ ತೊಳೆದದ್ದು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ. ಸೋಪು ಹತ್ತಿರವೂ ಸುಳಿಯಲಿಲ್ಲ. ಅಕ್ಕ ದಿನಾ ಟೆಸ್ಟ್ ಸ್ಟ್ರಿಪ್ ಅದ್ದಿ ಪಿಎಚ್ ಬರೆದಿಟ್ಟಳು, ಊಟ ದಿನಕ್ಕೊಂದೇ ಚಿಟಿಕೆಗೆ ಇಳಿಸಿದಳು.

ನಿಮ್ಮ ಕೈಗೂ ಜೋಪಾನ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ. ಹೀಟರ್ ಇದ್ದರೆ ಆಫ್ ಮಾಡಿ ಕಾಲು ಗಂಟೆ ಬಿಡಿ. ಬಿಸಿ ಇರುವಾಗಲೇ ನೀರಿನಿಂದ ಹೊರಗೆ ಬಂದರೆ ಹೀಟರಿನ ಗಾಜು ಸೀಳಬಹುದು. ಸೈಫನ್ ಪೈಪಿನ ನೀರನ್ನು ಬಾಯಿಂದ ಎಳೆಯಬೇಡಿ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಬೇಕೇ ಬೇಕು, ಟ್ಯಾಂಕ್ ನೀರಿನಿಂದ ಚರ್ಮಕ್ಕೆ ತಗಲುವ ಮೈಕೋಬ್ಯಾಕ್ಟೀರಿಯಂ ಸೋಂಕು ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಇಷ್ಟೆಲ್ಲ ನನ್ನ ಕೈಲಾಗಲ್ಲ ಅನಿಸಿದರೆ ಅದೂ ತಪ್ಪಲ್ಲ. ಮೀನನ್ನು ಅಂಗಡಿಯವರಿಗೋ, ಸಾಕುವ ಗೆಳೆಯರಿಗೋ ಕೊಡಿ. ಆದರೆ ಪಾಪ ಬದುಕಿಕೊಳ್ಳಲಿ ಅಂತ ಕುಕ್ಕರಹಳ್ಳಿ ಕೆರೆಗೋ, ಮಂಡ್ಯದ ವಿ.ಸಿ. ನಾಲೆಗೋ ಬಿಡಬೇಡಿ. ಅದರಲ್ಲೂ ಗಾಜಿಗೆ ಬಾಯಿಂದ ಅಂಟಿಕೊಳ್ಳುವ ಸಕ್ಕರ್ ಫಿಶ್. ಅಂಗಡಿಯಲ್ಲಿ ಬೆರಳುದ್ದ ಇರುವ ಅದು ಕೆರೆಯಲ್ಲಿ ಅಡಿಗಿಂತ ಉದ್ದ ಬೆಳೆಯುತ್ತದೆ. ಒಮ್ಮೆ ನೆಲೆಯೂರಿದರೆ ಅದನ್ನು ಕೆರೆಯಿಂದ ಪೂರ್ತಿ ತೆಗೆಯುವುದು ಯಾರಿಂದಲೂ ಸುಲಭಕ್ಕೆ ಆಗುವ ಕೆಲಸವಲ್ಲ.