ಹಿಂದಿನ ವಾಕ್ಯವನ್ನೂ ಓದಿ, ಮಾರಾಯರೇ

ಎಲ್ಲರಿಗೂ ನಮಸ್ಕಾರ, ಮಂಗಳೂರಿನಿಂದ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಬ್ರದರ್, ದಿನಕ್ಕೊಂದು ವಾಕ್ಯ ಸಾಕು. ನೀವು ಇಡೀ ಅಧ್ಯಾಯ ಓದಿ ತಲೆ ತಿನ್ನುತ್ತೀರಿ." ಕೊನೆಗೆ ಕೈಮುಗಿದ ಚಿತ್ರ ಬೇರೆ. ಬೈದು ಕೈಮುಗಿಯುವ ಕಲೆ ನಮ್ಮ ಸಭೆಯವರಿಗೆ ಒಲಿದಷ್ಟು ಇನ್ಯಾರಿಗೂ ಒಲಿದಿಲ್ಲ.

ಉದಾಹರಣೆಯನ್ನೂ ಅವರೇ ಕೊಟ್ಟಿದ್ದಾರೆ: ಯೆರೆಮೀಯ 29:11, ಅಂದರೆ ಬೈಬಲಿನ ಯೆರೆಮೀಯ ಗ್ರಂಥ, 29ನೆಯ ಅಧ್ಯಾಯದ 11ನೆಯ ವಾಕ್ಯ. ನಾನು ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ ಎಂದು ದೇವರು ಹೇಳುವ ವಾಕ್ಯ. ಸೂರ್ಯೋದಯದ ಚಿತ್ರದ ಮೇಲೆ ಹಳದಿ ಅಕ್ಷರದಲ್ಲಿ ಬೆಳಗಾಗುವ ಮೊದಲೇ ವಾಟ್ಸ್ಆ್ಯಪ್‌ಗೆ ಬಂದು ಬಿದ್ದಿರುತ್ತದೆ. ದುಬೈ ವೀಸಾ ಬಂದರೆ ಅದೇ, ಕೆನಡಾಕ್ಕೆ ಅರ್ಜಿ ಹಾಕಿದರೆ ಅದೇ, ನರ್ಸಿಂಗ್ ಸೀಟು ಸಿಕ್ಕರೂ ಅದೇ.

ಹತ್ತನೆಯ ವಾಕ್ಯ ಓದಿದ್ದೀರಾ? ಒಂದೇ ಒಂದು ಗೆರೆ ಮೇಲಿದೆ. ಬಾಬಿಲೋನಿನಲ್ಲಿ 70 ವರ್ಷ ಕಳೆದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ ಎನ್ನುತ್ತದೆ ಅದು. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಇದು. ಅಂದು ನಲವತ್ತು ದಾಟಿದ್ದವನು ತಾಯ್ನಾಡು ಕಾಣುವ ಹಾಗಿರಲಿಲ್ಲ. ಅದಕ್ಕೇ ಇನ್ನೂ ಮೇಲಿನ ಸಾಲುಗಳಲ್ಲಿ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಪರದೇಶದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾನೆ. ಗಲ್ಫಿಗೆ ಹೋದ ನಮ್ಮವರಿಗೆ ಹೇಳಿ ಬರೆಸಿದ ಹಾಗಿದೆ! ನೀವು ಕಳುಹಿಸುವುದು ಮಾತ್ರ ಹನ್ನೊಂದನೆಯದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲವೂ ಸರಿಯಾಗುತ್ತದೆ ಎಂದು ಸಾರಿದ್ದ. ಅವನು ಸುಳ್ಳುಗಾರ ಎಂದು ಯೆರೆಮೀಯ ಮುಖಕ್ಕೇ ಹೇಳಿದ. ಇಂದು ಇದ್ದಿದ್ದರೆ ಹನನ್ಯನ ಚಾನೆಲ್‌ಗೆ ನನಗಿಂತ ಹೆಚ್ಚು ಚಂದಾದಾರರು ಇರುತ್ತಿದ್ದರು. ಅಂದ ಹಾಗೆ, ನೀವಿನ್ನೂ ಆಗಿಲ್ಲವಾದರೆ ಈಗಲೇ ಆಗಿಬಿಡಿ, ಗಂಟೆಯ ಗುರುತನ್ನೂ ಒತ್ತಿ.

ಇನ್ನು ಫಿಲಿಪ್ಪಿ 4:13, ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ ಸಾಲು. ನನ್ನನ್ನು ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ. ಯುವಜನರ ಕ್ರಿಕೆಟ್ ಪಂದ್ಯದಲ್ಲಿ ಅಂಗಿಯ ಬೆನ್ನಿಗೇ ಅಚ್ಚು ಹಾಕಿಸುತ್ತಾರೆ. ಹಿಂದಿನ ವಾಕ್ಯ ಓದಿ, ಮಾರಾಯರೇ! ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವುದನ್ನು ಕಲಿತಿದ್ದೇನೆ ಎಂದು ಬೇಡಿ ತೊಟ್ಟ ಪೌಲ ಬರೆಯುತ್ತಾನೆ. ಮೊದಲ ಚೆಂಡಿಗೇ ಔಟಾಗಿ ಬಂದವನ ಬೆನ್ನಿಗೆ ಅದು ಸರಿಯಾಗಿ ಒಪ್ಪುತ್ತದೆ. ಪೌಲ ಬರೆದದ್ದು ಪತ್ರ. 1551ರಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ ಹೊಸ ಒಡಂಬಡಿಕೆಯ ವಾಕ್ಯಗಳಿಗೆ ಅಂಕಿ ಹಾಕಿದ, ನಾವು ಅಂಕಿ ಹಿಡಿದು ಕತ್ತರಿಸತೊಡಗಿದೆವು. ಮಹಿಷಾಸುರನ ಪ್ರವೇಶ ಮುಗಿದ ಕೂಡಲೇ ಬಯಲಾಟದಿಂದ ಎದ್ದುಹೋದವನು ಬೆಳಿಗ್ಗೆ ಇಡೀ ಪ್ರಸಂಗ ನೋಡಿದೆ ಎಂದು ಹೇಳಿಕೊಂಡ ಹಾಗೆ.

ಈಗ ಓದಿದವರೊಬ್ಬರು ಎದ್ದು ನಿಲ್ಲುತ್ತಾರೆ: ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ನೆಲೆಸಿದ್ದ ಕ್ರೈಸ್ತ ಸಮುದಾಯದಲ್ಲಿ 1728ರಿಂದಲೇ ದಿನಕ್ಕೊಂದು ವಾಕ್ಯದ ಪದ್ಧತಿ ಇತ್ತಲ್ಲ? ಇತ್ತು. ಆ ವಾಕ್ಯ ಹಿಡಿದು ಅವರು ಮನೆಮನೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ನೀವು ಹಾಸಿಗೆಯಿಂದ ಏಳದೆ ಹೆಬ್ಬೆರಳಿನಲ್ಲಿ ದಾಟಿಸುತ್ತೀರಿ. ಮುಂದಿನ ಪ್ರಶ್ನೆ.

ಸಮಯವಿಲ್ಲವಂತೆ. ಬೈಬಲಿನಲ್ಲಿ ಇರುವುದು 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿ ಉಡುಪಿ ಬಸ್ಸು ಹತ್ತಿ ಕೂತರೆ ಮೂಲ್ಕಿ ತಲುಪುವ ಮೊದಲೇ ಫಿಲಿಪ್ಪಿಯವರಿಗೆ ಬರೆದ ಪತ್ರ ಪೂರ್ತಿ ಮುಗಿಯುತ್ತದೆ, ಸೀಟು ಸಿಕ್ಕರೆ. ನಮ್ಮ ಕಥೋಲಿಕ ಗೆಳೆಯರನ್ನು ನೋಡಿ: ಬಲಿಪೂಜೆಯ ವಾಚನಗಳಿಗೆ ಭಾನುವಾರಕ್ಕೆ ಮೂರು ವರ್ಷದ ಸುತ್ತು, ವಾರದ ದಿನಗಳಿಗೆ ಎರಡು ವರ್ಷದ ಸುತ್ತು. ಇಷ್ಟದ್ದು ಬರಲಿ, ಕಷ್ಟದ್ದು ಬರಲಿ, ಕೂತು ಕೇಳಲೇಬೇಕು. ನಮ್ಮಲ್ಲಿ ಮಾತ್ರ ಬೇಕಾದ್ದನ್ನು ಆರಿಸಿಕೊಳ್ಳುವ ಚಪಲ.

ಒಂಟಿ ವಾಕ್ಯ ಬಳಸುವುದರಲ್ಲಿ ಯಾರು ಪಳಗಿದವರು ಗೊತ್ತೇ? ಸೈತಾನ. ಮತ್ತಾಯ ನಾಲ್ಕನೆಯ ಅಧ್ಯಾಯ. ಯೇಸುವನ್ನು ದೇವಾಲಯದ ತುದಿಗೆ ನಿಲ್ಲಿಸಿ, ದೇವದೂತರು ನಿನ್ನನ್ನು ಎತ್ತಿಕೊಳ್ಳುತ್ತಾರೆ, ಧುಮುಕು ಎಂದು 91ನೆಯ ಕೀರ್ತನೆಯನ್ನೇ ಬಾಯಿಪಾಠ ಒಪ್ಪಿಸುತ್ತಾನೆ. ಹನ್ನೆರಡನೆಯ ವಾಕ್ಯಕ್ಕೆ ಸರಿಯಾಗಿ ನಿಲ್ಲಿಸುತ್ತಾನೆ. ಹದಿಮೂರರಲ್ಲಿ ಏನಿದೆ? ಸರ್ಪವನ್ನು ತುಳಿಯುವ ಮಾತಿದೆ! ಸರ್ಪವೆಂದರೆ ಅವನೇ, ಹೇಗೆ ಓದಿಯಾನು? ಹಾಗಾಗಿ ಹಿಂದಿನದ್ದು ಮಾತ್ರವಲ್ಲ, ಮುಂದಿನ ವಾಕ್ಯವನ್ನೂ ಓದಿ. ಯಾಕೆ ಎಂದು ಇನ್ನೂ ಕೇಳುವವರಿಗೆ ನನ್ನಲ್ಲಿ ಬೇರೆ ಕಾರಣವಿಲ್ಲ. ಓದಿ ಎಂದರೆ ಓದಿ.

ಮುಂದಿನ ವಾರ ಯಾಜಕಕಾಂಡ 14, ಪೂರ್ತಿ ಅಧ್ಯಾಯ, ಒಂದು ಸಾಲೂ ಬಿಡುವುದಿಲ್ಲ. ಮನೆಯ ಗೋಡೆಯಲ್ಲಿ ಹಸಿರು, ಕೆಂಪು ಕಲೆ ಕಂಡರೆ ಯಾಜಕನನ್ನು ಕರೆಸಬೇಕು, ಅವನು ಬರುವ ಮೊದಲು ಪಾತ್ರೆಪಗಡ ಹೊರಗಿಡಬೇಕು, ಏಳು ದಿನ ಮನೆಗೆ ಬೀಗ, ಕಲೆ ಹರಡಿದರೆ ಕಲ್ಲು ಕಿತ್ತು ಗಾರೆ ಕೆರೆಯಬೇಕು. ಇದನ್ನು ಸೂರ್ಯೋದಯದ ಮೇಲೆ ಬರೆದು ಕಳುಹಿಸಿದವರನ್ನು ನಾನಿನ್ನೂ ಕಂಡಿಲ್ಲ. ಜುಲೈ ತಿಂಗಳಲ್ಲಿ ಆ ನಿಯಮ ಜಾರಿಗೆ ತಂದರೆ ಕರಾವಳಿಯಲ್ಲಿ ಒಂದು ಮನೆಯೂ ಉಳಿಯುವುದಿಲ್ಲ, ನಮ್ಮ ಸಭಾಪಾಲಕರ ಮನೆಯೂ ಸೇರಿ.